ಮಿಸ್, ಸೌಟು ಮತ್ತು ಕೊರಿಯಾದ ಪಾನಕ

ಹೊರಮಾವು ರಸ್ತೆಯ ಪಕ್ಕದಲ್ಲಿ ಕಲ್ಲಂಗಡಿ ರಾಶಿ ಬಿದ್ದಿದೆ. ಬೇಸಿಗೆ ಬಂದರೆ ಬೀಳುವುದೇ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ನನ್ನ ಮೇಲೆಯೇ. ರಾಶಿ ಕಂಡ ಕೂಡಲೇ ನಿಲ್ಲುತ್ತೇನೆ. ಒಂದು ಹಣ್ಣನ್ನೆತ್ತಿ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟುತ್ತೇನೆ, ಇದಲ್ಲ ಎಂದು ಕೆಳಗಿಟ್ಟು ಇನ್ನೊಂದನ್ನೆತ್ತುತ್ತೇನೆ. ಹಣ್ಣಿನವನು ಮುಖ ಗಂಟಿಕ್ಕುವ ತನಕ ಇದು ನಡೆಯುತ್ತದೆ. ನಾನು ಮನೆಯಲ್ಲಿ ಕೂತು ಬ್ಲೌಸ್ ಹೊಲಿಯುವವಳು, ಹಣ್ಣಿನ ಎದೆಬಡಿತ ಕೇಳುವ ಪುರುಸೊತ್ತು ನನಗೆಲ್ಲಿ ಬಂತು? ಈ ಚಾಳಿಯನ್ನು ನನಗೆ ಅಂಟಿಸಿದವರು ನಮ್ಮ ಮೇಲಿನ ಮನೆಯ ಮಿಸ್. ಅಂಟಿಸಿದ್ದಾಯಿತು, ಈ ಸಲ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡೂ ಬಿಟ್ಟರು. ಬದುಕಿದ್ದಾಗ ಬೈದುಕೊಳ್ಳುವುದಕ್ಕೆ ಎದುರಿಗಾದರೂ ಇರುತ್ತಿದ್ದರು.

ಬಾಣಸವಾಡಿ ಸ್ಟೇಷನ್ನಿನಿಂದ ಹೊರಮಾವಿನ ಕಡೆ ಬರುವ ದಾರಿಯಲ್ಲಿ ಒಂದು ಅಡ್ಡರಸ್ತೆಯಿದೆ, ಅದರಲ್ಲಿ ನಮ್ಮ ಪುಟ್ಟ ಬಿಲ್ಡಿಂಗು. ಕೆಳಗಿನ ಮನೆಗೆ ಬಾಡಿಗೆಯವರು ಬರುತ್ತಿರುತ್ತಾರೆ, ಹೋಗುತ್ತಿರುತ್ತಾರೆ. ಮೊದಲನೇ ಮಹಡಿಯಲ್ಲಿ ನಾನು, ನನ್ನ ಎದುರು ಬಾಗಿಲಿಗೆ ಆಪಾ, ಎಂದರೆ ಅವರ ಮಾತಿನಲ್ಲಿ ಅಕ್ಕ. ಆಪಾ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು, ಅವರ ಯಜಮಾನರ ಅಂಗಡಿ ಈಗಲೂ ಅಲ್ಲೇ ಇದೆ. ಎಲ್ಲಕ್ಕಿಂತ ಮೇಲೆ ಮಿಸ್. ಹಲಸೂರಿನ ಒಂದು ಶಾಲೆಯಲ್ಲಿ ತಲೆ ನರೆಯುವ ತನಕ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕಂಟೋನ್ಮೆಂಟಿನ ಕಡೆ ಟೀಚರನ್ನು ಮಿಸ್ ಎನ್ನುವುದು ವಾಡಿಕೆ. ನಮ್ಮ ವಾಚ್‌ಮನ್ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವನು, ಅವನಿಗೂ ಅವರು ಮಿಸ್ಸೇ. ಅವರ ಹೆಸರು ಏನೆಂದು ಬಿಲ್ಡಿಂಗಿನ ಅರ್ಧ ಜನಕ್ಕೆ ಗೊತ್ತಾಗಿದ್ದು ಅವರು ಹೋದ ಮೇಲೆ.

ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಂದು ಅರ್ಧ ಗಂಟೆಗೆ ಮಿಸ್ ಕೆಳಗಿಳಿದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೂತುಕೊಳ್ಳಿ ಎಂದರೆ ಕೂರುವುದಿಲ್ಲ. ನಿಂತೇ ನನ್ನ ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ಪರೀಕ್ಷೆ ಪೇಪರ್ ನೋಡಿದಂತೆ ನೋಡುವುದು, ಆಮೇಲೆ ಒಂದು ತಪ್ಪು ಹೇಳುವುದು. ಕೊರಳು ಇಳಿದಿದೆ, ಹುಕ್ಕು ಸೊಟ್ಟಗಿದೆ, ನೂಲಿನ ಬಣ್ಣ ಒಂದು ಗುಂಜಿಯಷ್ಟು ಬೇರೆ. ಯಾವ ತಪ್ಪಿಗೂ ಅವರ ಹತ್ತಿರ ಇದ್ದ ಮಾತು ಒಂದೇ, "ಇನ್ನೊಂದ್ಸಲ ರಿವಿಷನ್ ಮಾಡಮ್ಮ." ನನ್ನ ಸಾರಿಗೆ ಉಪ್ಪು ಹೆಚ್ಚಾದರೂ ರಿವಿಷನ್, ಕಾರ್ಪೊರೇಷನ್ನಿನವರು ಅಗೆದ ರಸ್ತೆಯನ್ನು ಸರಿಯಾಗಿ ಮುಚ್ಚದಿದ್ದರೂ ರಿವಿಷನ್. ಅವರ ಸ್ವಂತ ಬ್ಲೌಸುಗಳನ್ನಂತೂ ನಾನು ರಿವಿಷನ್ ಮಾಡಿದ್ದಕ್ಕೆ ಲೆಕ್ಕವೇ ಇಲ್ಲ. ಪ್ರತಿ ಸಲವೂ ಎದೆಯ ಹತ್ತಿರ ಸಡಿಲ. ಬಿಗಿ ಮಾಡಿ ಕೊಟ್ಟರೆ ಹಾಕಿಕೊಳ್ಳುವರು. ಮುಂದಿನ ಬ್ಲೌಸಿಗೆ ಹೊಸದಾಗಿ ಅಳತೆ ತೆಗೆದರೆ ಮತ್ತೆ ಸಡಿಲ. ಊರವರ ಬ್ಲೌಸೆಲ್ಲ ಮೈಗೆ ಅಚ್ಚೊತ್ತಿದಂತೆ ಕೂರುವಾಗ ಇವರದ್ದೊಂದು ಮಾತ್ರ ಹೀಗೇಕೆ ಎಂದು ನಾನು ತಲೆ ಕೆಡಿಸಿಕೊಂಡಿದ್ದೇನೆ.

ಅಳತೆ ತೆಗೆಯುವಾಗ ಅವರಿಗೊಂದು ಅಭ್ಯಾಸವಿತ್ತು. ನಾನು ಟೇಪು ಹಿಡಿದು ಹತ್ತಿರ ಹೋದ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಸೆರಗಿನ ತುದಿಯನ್ನು ಮೂಗಿಗೆ ಹಿಡಿದು, ದೊಡ್ಡದೊಂದು ಉಸಿರೆಳೆದು ಹಾಗೇ ಹಿಡಿದುಕೊಳ್ಳುತ್ತಿದ್ದರು. ಟೇಪು ಮೈಯಿಂದ ದೂರವಾಗುವವರೆಗೆ ಬಿಡುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೂ ಸ್ನಾನ ಮಾಡುತ್ತೇನೆ, ನನ್ನ ಹತ್ತಿರ ಅಂಥ ಏನು ನಾತ?

ಲೋಟದ ಕಥೆ ಬೇರೆ. ಮಿಸ್ ಎಲ್ಲಿಗೆ ಹೋದರೂ ಬಟ್ಟೆಯ ಚೀಲದಲ್ಲಿ ತಮ್ಮದೇ ಸ್ಟೀಲ್ ಲೋಟ, ಊಟವಿದ್ದರೆ ತಮ್ಮದೇ ತಟ್ಟೆ. ನನ್ನ ಮನೆಯಲ್ಲಿ ಕಾಫಿ ಕೊಟ್ಟರೂ ಲೋಟ ಚಾಚುವರು, ನಾನು ಮೇಲಿನಿಂದ ಹಾಕಬೇಕು. ಹಬೆಯಾಡುವ ಕಾಫಿಯನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕುಡಿದ ಮೇಲೆ ತಾವೇ ತೊಳೆದು ಚೀಲಕ್ಕೆ ಸೇರಿಸುವರು. ನಾನು ತೊಳೆಯಲು ಕೈ ಚಾಚಿದರೆ ಬೆಂಕಿ ಮುಟ್ಟಲು ಹೋದ ಮಗುವನ್ನು ತಡೆದ ಹಾಗೆ ತಡೆಯುವರು. ಬಹಳ ಮಡಿ ಹೆಂಗಸು ಎಂದು ನಾವೆಲ್ಲ ತೀರ್ಮಾನಿಸಿ ಸುಮ್ಮನಾಗಿದ್ದೆವು.

ಹೀಗಿರುವಾಗ ಕೆಳಗಿನ ಮನೆಗೆ ಕೊರಿಯಾದವರು ಬಂದರು. ನಮ್ಮ ಕಡೆ ಇದು ಹೊಸದೇನಲ್ಲ. ಕಂಪನಿ ಕೆಲಸಕ್ಕೆಂದು ಬಂದು ಎರಡು ಮೂರು ವರ್ಷ ಇದ್ದು ಹೋಗುತ್ತಾರೆ. ಗಂಡ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಹೆಂಡತಿ ಎಳೆಯ ವಯಸ್ಸಿನವಳು, ಬಾಯಿ ತೆರೆದರೆ "ಬೇಡ", "ಸಾಕು", "ಎಷ್ಟು" ಎನ್ನುವ ಮೂರು ಕನ್ನಡ ಮಾತು. ಮಿಕ್ಕಿದ್ದು ಇಂಗ್ಲಿಷ್, ಅದೂ ಯೋಚಿಸಿ ಯೋಚಿಸಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿ ನಾನೂ ಆಪಾನೂ ಮಿಸ್ಸೂ ಮೆಟ್ಟಿಲ ಹತ್ತಿರ ಗಾಳಿಗೆಂದು ಕೂತಿದ್ದೆವು. ಆಕೆ ದೊಡ್ಡದೊಂದು ಗಾಜಿನ ಬೋಗುಣಿ ಹಿಡಿದುಕೊಂಡು ಹತ್ತಿ ಬಂದಳು. ಗೋಲಿಯಂತೆ ತೋಡಿದ ಕಲ್ಲಂಗಡಿ, ಸೇಬಿನ ಚೂರು, ದ್ರಾಕ್ಷಿ, ಡಬ್ಬಿಯ ಅನಾನಸು, ಅದರ ಮೇಲೆ ಗುಲಾಬಿ ಬಣ್ಣದ ಸ್ಟ್ರಾಬೆರಿ ಹಾಲು, ಅದಕ್ಕೆ ಬಿಳಿ ಸೋಡಾ, ಮೇಲೆ ಐಸು. ಹ್ವಾಚೆ ಎಂದಳು. ಅವರ ಊರಲ್ಲಿ ಬೇಸಿಗೆಗೆ ಮಾಡುವ ಹಣ್ಣಿನ ಪಾನಕವಂತೆ. ನೋಡಿದರೇ ಮೈ ತಂಪಾಗುವಂತಿತ್ತು.

ಬೋಗುಣಿಯಲ್ಲಿ ನಾಲ್ಕು ಚಮಚ ಚುಚ್ಚಿದ್ದಳು. ಬಟ್ಟಲು ಇಲ್ಲ, ಲೋಟ ಇಲ್ಲ. ಆಕೆ ಒಂದು ಚಮಚ ತೆಗೆದುಕೊಂಡು ತಿಂದಳು, ತಿಂದ ಚಮಚವನ್ನು ಮತ್ತೆ ಅದರೊಳಗೇ ಅದ್ದಿದಳು, ನಮ್ಮನ್ನು ನೋಡಿ ನಕ್ಕಳು. ನಾನು ನೆಲ ನೋಡಿದೆ. ಎಂಜಲು ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಪಾ ಬಿಸ್ಮಿಲ್ಲಾ ಎಂದು ಚಮಚ ತೆಗೆದುಕೊಂಡು ಶುರು ಮಾಡಿಯೇ ಬಿಟ್ಟರು. ದೊಡ್ಡ ತಟ್ಟೆಯ ಸುತ್ತ ಹತ್ತು ಜನ ಕೂತು ತಿನ್ನುವ ಮನೆಯವರು ಅವರು, ಅವರಿಗೇನು. ಮಿಸ್ ಮಾತ್ರ "ಒಂದ್ನಿಮಿಷ" ಎಂದು ಮೇಲೆ ಹೋದರು. ಬರುವಾಗ ಒಂದು ಕೈಯಲ್ಲಿ ಸಾರಿನ ಸೌಟು, ಇನ್ನೊಂದು ಕೈಯಲ್ಲಿ ಲೋಟಗಳ ಗೋಪುರ. ಪಂಕ್ತಿಯಲ್ಲಿ ಪಾಯಸ ಬಡಿಸುವವರ ಗತ್ತಿನಲ್ಲಿ ಎಲ್ಲರಿಗೂ ಲೋಟಕ್ಕೆ ಹಾಕಿ ಕೊಟ್ಟರು. ಆ ಹುಡುಗಿಗೂ ಅವಳದೇ ಬೋಗುಣಿಯಿಂದ ಅವಳ ಪಾಲು ಅಳೆದು ಕೊಟ್ಟರು.

ಅವಳ ಮುಖ ಇಳಿದುಹೋಯಿತು. ನಮ್ಮಲ್ಲಿ ಇದನ್ನು ಒಂದೇ ಬೋಗುಣಿಯಿಂದ ಎಲ್ಲರೂ ತಲೆ ತಾಕಿಸಿಕೊಂಡು ತಿನ್ನುತ್ತೇವೆ, ಲೋಟಕ್ಕೆ ಹಾಕಿದರೆ ಇದು ಬರೀ ಜ್ಯೂಸ್ ಅಷ್ಟೇ ಎಂದು ನಿಧಾನವಾಗಿ, ಮರ್ಯಾದೆಯಿಂದ ಹೇಳಿದಳು. ಮಿಸ್ ಪೂರ್ತಿ ಕೇಳಿಸಿಕೊಂಡರು, ತಲೆಯಾಡಿಸಿದರು, ಮತ್ತೆ ಸೌಟು ಅದ್ದಿ ಎರಡನೇ ಸಲ ಬಡಿಸಿದರು.

ಅಲ್ಲಿಗೆ ಬಿಟ್ಟಿದ್ದರೆ ನನ್ನ ಬೇಸಿಗೆಗಳು ನೆಮ್ಮದಿಯಾಗಿ ಕಳೆಯುತ್ತಿದ್ದವು. ಮಿಸ್ಸಿಗೆ ಆ ಪಾನಕದ ಹುಚ್ಚು ಹಿಡಿಯಿತು. ವಾರಕ್ಕೊಂದು ಸಲ ಮಾಡಲೇಬೇಕು, ಮಾಡುವುದು ನನ್ನ ಮನೆಯಲ್ಲೇ ಆಗಬೇಕು. ಕಾರಣ, ನನ್ನ ಫ್ರಿಜ್ಜು ದೊಡ್ಡದು. ಹಣ್ಣು ತರಲು ನಾನೇ ಜೊತೆಗೆ ಹೋಗಬೇಕು, ರಾಶಿಯ ಮುಂದೆ ತಟ್ಟುವ ಪಾಠ ಕಲಿಯಬೇಕು. ಮೊದಲ ಸಲವೇ ಅವರು ಹಾಲಿಗೆ ಒಂದು ಇಡೀ ನಿಂಬೆಹಣ್ಣು ಹಿಂಡಿದರು. ಹಾಲು ಒಡೆಯುತ್ತೆ ಮಿಸ್ ಎಂದೆ. ವಿಟಮಿನ್ ಸಿ ಇಲ್ಲದೆ ಹಣ್ಣಿನ ಪಾನಕವೇ, ತಣ್ಣಗಿನ ಹಾಲು ಒಡೆಯಲ್ಲ ಎಂದರು. ಒಡೆಯಿತು. ಗುಲಾಬಿ ನೀರಿನಲ್ಲಿ ಬಿಳಿ ಗಂಟುಗಳು ತೇಲಾಡತೊಡಗಿದವು. ಜೀವಶಾಸ್ತ್ರದ ಟೀಚರು ಬೋಗುಣಿಯೊಳಗೆ ಬಗ್ಗಿ ನೋಡಿ, ಪ್ರೋಟೀನ್ ಬೇರೆಯಾಗಿದೆ, ಈಗ ಜೀರ್ಣಕ್ಕೆ ಇನ್ನೂ ಸುಲಭ ಎಂದರು. ಎಲ್ಲರಿಗೂ ಸೌಟಿನಲ್ಲಿ ಬಡಿಸಿದರು. ಕೊರಿಯಾದ ಹುಡುಗಿ ಒಂದು ಗುಟುಕು ಕುಡಿದು, ಕಲಿತ ಮೂರು ಮಾತಿನಲ್ಲಿ ಸರಿಯಾದದ್ದನ್ನೇ ಆರಿಸಿ "ಸಾಕು" ಎಂದಳು.

ಮುಂದಿನ ವಾರ ಹಾಲಿಗೂ ಹಣ್ಣಿಗೂ ಆಗಿಬರುವುದಿಲ್ಲ, ನಮ್ಮಮ್ಮ ಹೇಳುತ್ತಿದ್ದರು ಎಂದು ಹಾಲನ್ನೇ ತೆಗೆದುಹಾಕಿದರು. ಬದಲಿಗೆ ತೆಂಗಿನಕಾಯಿ ಹಾಲು, ಬೆಲ್ಲ, ಏಲಕ್ಕಿ. ಇದು ನಮ್ಮ ರಸಾಯನ ಅಲ್ಲವೇ ಮಿಸ್, ಇದರಲ್ಲಿ ಕೊರಿಯಾ ಎಲ್ಲಿದೆ ಎಂದೆ. ಪಾಪ ಅವರಿಗೆ ನಮ್ಮಂಥ ಬಾಳೆಹಣ್ಣು ಸಿಕ್ಕಿರಲಿಕ್ಕಿಲ್ಲ, ಕಲ್ಲಂಗಡಿ ಹಾಕಿಕೊಂಡಿದ್ದಾರೆ ಎಂದರು. ಆಪಾನದ್ದು ಇನ್ನೊಂದು ವಾದ. ಕಲ್ಲಂಗಡಿಗೆ ಹಾಲು, ಗುಲಾಬಿ ಶರಬತ್ತು, ಐಸು ಹಾಕಿ ರಂಜಾನಿನಲ್ಲಿ ಶಿವಾಜಿನಗರದ ಗಲ್ಲಿಗಲ್ಲಿಯಲ್ಲೂ ಮಾರುತ್ತಾರೆ, ಇದು ನಮ್ಮದು, ನೀವಿಬ್ಬರೂ ಸುಮ್ಮನೆ ಕಿತ್ತಾಡುತ್ತೀರಿ ಎಂದು ಒಂದು ಬಾಟಲಿ ಶರಬತ್ತನ್ನೇ ತಂದು ಸುರಿದರು. ಸುರಿಯುವ ಭರದಲ್ಲಿ ಅದು ಹಾರಿ ನನ್ನ ಗಿರಾಕಿಯೊಬ್ಬರ ಕೆನೆ ಬಣ್ಣದ ರೇಷ್ಮೆ ಬ್ಲೌಸಿನ ಮೇಲೆ ಬಿತ್ತು. ನೈಸರ್ಗಿಕ ಬಣ್ಣ, ಸೋಪಿಗೆ ಹೋಗುತ್ತೆ ಎಂದು ಮಿಸ್ ಧೈರ್ಯ ಹೇಳಿದರು. ಹೋಗಲಿಲ್ಲ. ಆ ಕಲೆ ಇದ್ದ ಕಡೆ ನಾನು ಒಂದು ನವಿಲು ಕಸೂತಿ ಹಾಕಿಕೊಡಬೇಕಾಯಿತು.

ಕೊರಿಯಾದವರು ಊರಿಗೆ ಮರಳುವ ದಿನ ಆ ಹುಡುಗಿ ಹತ್ತಿ ಬಂದು ಎಲ್ಲರನ್ನೂ ತಬ್ಬಿಕೊಂಡಳು. ಮಿಸ್ ಮುಖ ಆ ಕಡೆ ತಿರುಗಿಸಿ, ಉಸಿರು ಹಿಡಿದು ತಬ್ಬಿಸಿಕೊಂಡರು. ನಮಗೆ ಅವಳು ಆ ಗಾಜಿನ ಬೋಗುಣಿ ಕೊಟ್ಟಳು. ಇಲ್ಲಿಂದ ಏನು ಒಯ್ಯುತ್ತೀ ಎಂದು ಆಪಾ ಕೇಳಿದ್ದಕ್ಕೆ ಚೀಲದಿಂದ ಹೊಸ ಸ್ಟೀಲ್ ಸೌಟು ತೆಗೆದು ತೋರಿಸಿದಳು. ಮಿಸ್ಸಿಗೆ ಪದಕ ಸಿಕ್ಕಷ್ಟು ಸಂತೋಷ.

ಇಷ್ಟೆಲ್ಲ ಸತಾಯಿಸಿದರೂ ಮಿಸ್ಸಿಗೂ ಆಪಾಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುತ್ತಿರಲಿಲ್ಲ. ಭಾನುವಾರ ಇಬ್ಬರೂ ಬಸ್ಸು ಹತ್ತಿ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುವರು. ಅಲ್ಲಿ ಮಿಸ್ ಹೂವಿನವಳ ಹತ್ತಿರ ತಮಿಳು, ಆಪಾ ಹಣ್ಣಿನವನ ಹತ್ತಿರ ದಖ್ಖನಿ ಉರ್ದು. ಬರುವಾಗ ದಾರಿಯುದ್ದಕ್ಕೂ ಯಾರು ಮೋಸ ಹೋದರು ಎಂದು ಕನ್ನಡದಲ್ಲಿ ಜಗಳ. ಡಾಕ್ಟರ ಹತ್ತಿರ ಹೋಗುವಾಗಲೂ ಮಿಸ್ಸಿಗೆ ಆಪಾನೇ ಬೇಕು. ಒಂಟಿ ಹೆಂಗಸಿಗೆ ಇಡೀ ಊರಲ್ಲಿ ತನ್ನದು ಅಂತ ಇದ್ದ ಮನೆ ಅದೊಂದೇ. ಹೋದ ವರ್ಷದ ರಂಜಾನಿನಲ್ಲಿ ಅದನ್ನೂ ಕಳೆದುಕೊಳ್ಳುವುದರಲ್ಲಿದ್ದರು.

ಆಪಾ ನಮ್ಮಿಬ್ಬರನ್ನೂ ಇಫ್ತಾರಿಗೆ ಕರೆದಿದ್ದರು. ಶಿವಾಜಿನಗರದಿಂದ ಅವರ ನಾದಿನಿಯರೆಲ್ಲ ಬಂದಿದ್ದರು. ನಡುಮನೆಯಲ್ಲಿ ಚಾದರ ಹಾಸಿ, ನಡುವೆ ದೊಡ್ಡ ತಟ್ಟೆಯಲ್ಲಿ ಖರ್ಜೂರ, ಹಣ್ಣು, ಬೇಯಿಸಿದ ಕಡಲೆ ಇಟ್ಟು, ಮಿಸ್ಸಿಗೆಂದೇ ಆ ತಟ್ಟೆಯ ಪಕ್ಕದಲ್ಲಿ ದಿಂಬು ಹಾಕಿದ್ದರು. ಎಲ್ಲರೂ ಮಸೀದಿಯ ಬಾಂಗಿಗೆ ಕಾಯುತ್ತಿದ್ದಾಗ ಮಿಸ್ ಚೀಲದಿಂದ ತಮ್ಮ ತಟ್ಟೆ ಲೋಟ ತೆಗೆದರು, ದಿಂಬನ್ನು ಎಳೆದುಕೊಂಡು ಹೋಗಿ ಕಿಟಕಿಯ ಹತ್ತಿರ ಒಬ್ಬರೇ ಕೂತರು. ನಾದಿನಿಯೊಬ್ಬರು ಮೆಲ್ಲಗೆ ಏನೋ ಅಂದರು, ಇನ್ನೊಬ್ಬರು ನಕ್ಕರು. ಆಪಾ ಎದ್ದು ಹೋಗಿ ಮಿಸ್ಸಿನ ತಟ್ಟೆಗೆ ಬಡಿಸಿ ಬಂದರು. ಮರುದಿನ ಬೆಳಿಗ್ಗೆ ಮಿಸ್ ಕೆಳಗಿಳಿಯುವುದನ್ನೇ ಕಾದಿದ್ದು ಬಾಗಿಲಲ್ಲಿ ನಿಂತರು.

"ನನ್ ಒಬ್ಳ ಎದುರು ನೀವು ಏನ್ ಮಾಡಿದ್ರೂ ನಾನ್ ಕೇಳಿಲ್ಲ ಮಿಸ್. ನಮ್ಮೋರೆಲ್ಲ ಇದ್ರು. ನಮ್ಮನೇದು ಅಸಹ್ಯ ಆದ್ರೆ ನೀವ್ ಬರ್ಬಾರ್ದಿತ್ತು."

ಮಿಸ್ ಮೆಟ್ಟಿಲು ಹತ್ತಿ ವಾಪಸು ಹೋದರು. ಅಂದಿನಿಂದ ಆಪಾ ಮೆಟ್ಟಿಲಲ್ಲಿ ಎದುರಾದರೂ ಮುಖ ಕೊಡಲಿಲ್ಲ. ರಂಜಾನ್ ಹಬ್ಬ ಕಳೆಯಿತು, ಯುಗಾದಿ ಕಳೆಯಿತು. ಮಿಸ್ ಮಾರ್ಕೆಟ್ಟಿಗೆ ಹೋಗುವುದನ್ನು ಬಿಟ್ಟರು, ಡಾಕ್ಟರ ತಾರೀಖನ್ನೂ ತಪ್ಪಿಸಿದರು. ಮಾಡಿದ ಅನ್ನ ಹಾಗೇ ಇರುತ್ತದೆ ಎಂದು ಕೆಲಸದವಳು ಹೇಳಿದಳು. ನಡುವೆ ಸಿಕ್ಕಿದ್ದು ನಾನು. ಇವರು ಬಂದು ಅವರು ಹೇಗಿದ್ದಾರೆ ಎಂದು ಕೇಳುವುದು, ಅವರು ಬಂದು ಇವರು ಮಾತ್ರೆ ನುಂಗಿದರೋ ಕೇಳು ಎನ್ನುವುದು. ಹೊಲಿಯಬೇಕಾದ ಬಟ್ಟೆ ರಾಶಿ ಬಿದ್ದಿರುವಾಗ ನಾನು ಇವರಿಬ್ಬರ ಟಪಾಲು ಹೊರುತ್ತ ಕೂತಿದ್ದೆ.

ಏಪ್ರಿಲಿನಲ್ಲಿ ಮಿಸ್ ಒಂದು ಬ್ಲೌಸ್ ಪೀಸು ತಂದರು. ಟೇಪು ಹಿಡಿದು ಹತ್ತಿರ ಹೋದೆ. ಮುಖ ಗೋಡೆಗೆ, ಸೆರಗು ಮೂಗಿಗೆ, ಉಸಿರು ಬಂದ್. ನನಗೆ ತಡೆಯಲಾಗಲಿಲ್ಲ. ಟೇಪನ್ನು ಮೆಷಿನ್ನಿನ ಮೇಲೆ ಎಸೆದು ಕೇಳಿಯೇ ಬಿಟ್ಟೆ, "ಆಪಾ ತಟ್ಟೆ ಆಗಲ್ಲ, ನನ್ ಲೋಟ ಆಗಲ್ಲ, ನನ್ ಉಸಿರೂ ಆಗಲ್ವಾ ಮಿಸ್ ನಿಮಗೆ?"

ಅವರು ಹಿಡಿದಿದ್ದ ಉಸಿರು ಬಿಟ್ಟರು. ನಮ್ಮ ಮನೆಯಲ್ಲಿ ಎಂದೂ ಕೂರದವರು ಬಟ್ಟೆಯ ಗಂಟಿನ ಮೇಲೆಯೇ ಕೂತುಬಿಟ್ಟರು.

"ನಿನ್ನುಸಿರಲ್ಲಮ್ಮ," ಎಂದರು. "ನಂದು."

ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಹಲಸೂರಿನ ಕೆರೆಯ ಹಿಂದಿನ ಗಲ್ಲಿಯಲ್ಲಿ ಅವರ ಮನೆಯಿತ್ತು. ಕಾಲೇಜಿಗೆ ಸೇರಿದ ಹೊಸದರಲ್ಲಿ ಮಿಸ್ಸಿಗೆ ಕ್ಷಯ ಬಂತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಅವರಮ್ಮ ಒಂದು ತಟ್ಟೆಗೂ ಲೋಟಕ್ಕೂ ಅಡಿಯಲ್ಲಿ ಮೊಳೆಯಿಂದ ಗುರುತು ಹಾಕಿ ಬಚ್ಚಲ ಕಡೆಯ ಗೂಡಿನಲ್ಲಿಟ್ಟರು. ಮಗಳಿಗೆ ಪೂರ್ತಿ ವಾಸಿಯಾಯಿತು, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದರು. ಗೂಡಿನಿಂದ ತಟ್ಟೆ ಮಾತ್ರ ಒಳಗೆ ಬರಲಿಲ್ಲ. ಇವತ್ತು ತರುತ್ತಾರೆ, ನಾಳೆ ತರುತ್ತಾರೆ ಎಂದು ಮಿಸ್ ಕಾದರು, ತಾವಾಗಿ ಕೇಳಲಿಲ್ಲ. ಹೆಣ್ಣು ನೋಡಲು ಬಂದವರಿಗೆ ಯಾರೋ ಸುದ್ದಿ ಮುಟ್ಟಿಸಿದರು, ಅವರೂ ಮತ್ತೆ ಬರಲಿಲ್ಲ. ಅಮ್ಮ ಸಾಯುವ ತನಕ ಆ ತಟ್ಟೆ ಆ ಗೂಡಿನಲ್ಲೇ ಇತ್ತು. ಚೀಲದಲ್ಲಿ ಅವರು ಹೊತ್ತು ತಿರುಗುತ್ತಿದ್ದದ್ದು ಅದನ್ನೇ.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ನೀವು ಮಕ್ಕಳಿಗೆ ಇದನ್ನೇ ಪಾಠ ಮಾಡಿದವರಲ್ಲವೇ, ಇದು ತಟ್ಟೆಯಿಂದ ಹರಡುತ್ತದೆಯೇ ಎಂದು ಕೇಳಿದೆ. ಹರಡುವುದಿಲ್ಲ ಎಂದರು. ವಾಸಿಯಾಗಿ ಎಷ್ಟು ಕಾಲವಾಯಿತು, ಈಗ ನಿಮ್ಮ ಉಸಿರಿನಲ್ಲಿ ಏನಿದೆ ಎಂದೆ. ಏನೂ ಇಲ್ಲ ಎಂದರು. ಮತ್ತೆ? "ತಲೆಗೆ ಗೊತ್ತಮ್ಮ. ಕೈ ಕೇಳಲ್ಲ." ಇಂಥವರನ್ನು ಏನು ಮಾಡಬೇಕು? ಪ್ರತಿ ವರ್ಷ ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ನೂರಾರು ಮಕ್ಕಳ ತಲೆಯಿಂದ ಆ ಭಯ ತೆಗೆದವರು, ಮನೆಗೆ ಬಂದು ಗುರುತು ಹಾಕಿದ ಲೋಟ ಎತ್ತಿ ಕುಡಿದಿದ್ದಾರೆ. ಇದನ್ನು ಆಪಾಗೆ ಹೇಳಿ ಎಂದೆ. ಅಯ್ಯೋ ಬೇಡ, ಕೇಳಿದ ಮೇಲೆ ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದರೆ ನಾನು ತಡೆದುಕೊಳ್ಳಲಾರೆ, ಜಗಳವೇ ವಾಸಿ ಎಂದರು. ನಾನೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಹಾಗಾದರೆ ಇನ್ನು ಮೇಲೆ ನಿಮ್ಮಿಬ್ಬರ ಟಪಾಲು ನಾನು ಹೊರುವುದಿಲ್ಲ, ಬ್ಲೌಸೂ ಹೊಲಿಯುವುದಿಲ್ಲ ಎಂದು ಪೀಸನ್ನು ಅವರ ಕೈಗೇ ಕೊಟ್ಟು ಕಳಿಸಿದೆ.

ಬ್ಲೌಸಿಗೋ, ಆಪಾಗೋ, ಯಾವುದಕ್ಕೆ ಮನಸ್ಸು ಕರಗಿತೋ ತಿಳಿಯದು. ಮುಂದಿನ ಭಾನುವಾರ, ಮೊದಲೆಲ್ಲ ಇಬ್ಬರೂ ಮಾರ್ಕೆಟ್ಟಿಗೆ ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ, ಮಿಸ್ ಮೇಲಿನಿಂದ ಇಳಿದು ಬಂದರು. ಎರಡು ಕೈಯಲ್ಲಿ ಅರ್ಧ ಕಲ್ಲಂಗಡಿ ಹಿಡಿದಿದ್ದರು. ತಿರುಳು ತೋಡಿ, ಆ ಸಿಪ್ಪೆಯನ್ನೇ ಬೋಗುಣಿ ಮಾಡಿ, ಅದರಲ್ಲಿ ಪಾನಕ ತುಂಬಿದ್ದರು. ಹಾಲು, ಸೋಡಾ, ಆಪಾನ ಗುಲಾಬಿ ಶರಬತ್ತು, ಸೇಬು, ದ್ರಾಕ್ಷಿ. ನಿಂಬೆಹಣ್ಣಿಲ್ಲ, ಬೆಲ್ಲವಿಲ್ಲ. ಮೊಣಕೈಗೆ ಒಂದು ಐಸಿನ ಡಬ್ಬಿ ನೇತಾಡುತ್ತಿತ್ತು. ಕಾಲಿನಿಂದಲೇ ಆಪಾನ ಬಾಗಿಲು ತಟ್ಟಿದರು. ನಾನು ನನ್ನ ಬಾಗಿಲಲ್ಲೇ ನಿಂತಿದ್ದೆ. ಆಪಾ ತೆರೆದರು, ಹಣ್ಣು ನೋಡಿದರು, ಕೈ ಚಾಚಲಿಲ್ಲ.

ಮಿಸ್ ಗಂಟಲು ಸರಿ ಮಾಡಿಕೊಂಡರು. "ಕ್ಷಯ ರೋಗ ಹೇಗೆ ಹರಡುತ್ತೆ, ಹೇಳಿ."

ಆಪಾ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಈ ಹೆಂಗಸಿಗೆ ಮನಸ್ಸಿನ ಮಾತನ್ನು ಪಾಠ ಮಾಡದೆ ಹೇಳಲು ಬರುವುದೇ ಇಲ್ಲ.

"ಗಾಳೀಲಿ," ಎಂದು ತಾವೇ ಉತ್ತರ ಹೇಳಿದರು. "ತಟ್ಟೇಲಿ ಹರಡಲ್ಲ. ಲೋಟದಲ್ಲಿ, ಚಮಚದಲ್ಲಿ ಹರಡಲ್ಲ. ವಾಸಿ ಆದೋರಿಂದ ಹರಡಲ್ಲ. ನಂಗೆ ಕಾಲೇಜಲ್ಲಿದ್ದಾಗ ಬಂದಿತ್ತು. ವಾಸಿ ಆಯ್ತು. ಆದ್ರೂ ನಮ್ಮಮ್ಮ ನನ್ ತಟ್ಟೇನ ಕೊನೇವರ್ಗೂ ಒಳಗೆ ತರ್ಲಿಲ್ಲ." ಜಾರುತ್ತಿದ್ದ ಹಣ್ಣನ್ನು ಎತ್ತಿ ಹಿಡಿದುಕೊಂಡರು. "ನಿಮ್ಮನೇದು ನಂಗೆ ಅಸಹ್ಯ ಅಲ್ಲ ಆಪಾ. ನಾನು ನಿಮಗೆ ಅಸಹ್ಯ ಆಗ್ಬಾರ್ದು ಅಂತ ಆ ಕಡೆ ಕೂತೆ. ಅರ್ಥ ಆಯ್ತಾ?"

ಹಣ್ಣು ಭಾರಕ್ಕೆ ವಾಲಿ ಗುಲಾಬಿ ಹಾಲು ತುಳುಕಿತು. ಆಪಾ ಹಿಂದಕ್ಕೆ ಸರಿಯಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಹಣ್ಣನ್ನು ಕೆಳಗಿನಿಂದ ಹಿಡಿದುಕೊಂಡರು.

"ಅರ್ಥ ಆಯ್ತು ಮಿಸ್. ಚಮಚ ಎಲ್ಲಿ?"

ಮಿಸ್ ತಂದದ್ದು ಸೌಟು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಇಷ್ಟೆಲ್ಲ ಹೇಳಿ ಸೌಟು ತಂದ ಹೆಂಗಸನ್ನು ನೋಡಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆಪಾ ಅದನ್ನು ಕಿತ್ತುಕೊಂಡು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟರು, ಒಳಗೆ ಹೋಗಿ ಮೂರು ಚಮಚ ತಂದರು. ಚಾದರ ಹಾಸಿ ಹಣ್ಣನ್ನು ನಡುವೆ ಇಟ್ಟು ಕೂತೆವು. ಆಗ ಮಿಸ್ ಒಂದು ಕಂಡೀಷನ್ ಎಂದರು. ಡಬ್ಬಿಯಿಂದ ಐಸಿನ ತುಂಡುಗಳನ್ನು ತೆಗೆದು ಪಾನಕದ ನಟ್ಟನಡುವೆ ಒಂದರ ಪಕ್ಕ ಒಂದು ಜೋಡಿಸಿದರು. ಹಣ್ಣಿನ ಚೂರುಗಳು ಕಿಕ್ಕಿರಿದಿದ್ದರಿಂದ ಅವು ಅಲ್ಲೇ ನಿಂತವು. ಈ ಕಡೆ ನೀವು, ಆ ಕಡೆ ನಾನು, ಗೆರೆ ದಾಟಬಾರದು ಎಂದರು. ಐಸಿನ ಅಡಿಯಲ್ಲಿ ಹಾಲು ಆ ಕಡೆಯಿಂದ ಈ ಕಡೆಗೆ ಹರಿದಾಡುತ್ತಲೇ ಇರುತ್ತದೆ ಎಂದು ನಾನು ಹೇಳಲು ಹೋದೆ. ಆಪಾ ನನ್ನ ತೊಡೆ ಚಿವುಟಿದರು.

ತಿನ್ನುತ್ತಾ ಆಪಾ ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಸುದ್ದಿಯನ್ನೆಲ್ಲ ಬಿಚ್ಚಿದರು. ನಾದಿನಿಗೆ ಬೈದದ್ದು, ಮಾರ್ಕೆಟ್ಟಿನಲ್ಲಿ ಹೂವಿನವಳು ಮಿಸ್ ಎಲ್ಲಿ ಎಂದು ಕೇಳಿದ್ದು, ತಪ್ಪಿಸಿದ್ದ ತಾರೀಖಿಗೆ ಬದಲಾಗಿ ಡಾಕ್ಟರ ಹತ್ತಿರ ನಾಳೆಯೇ ಹೋಗಬೇಕಾದದ್ದು. ಮಿಸ್ ಚಮಚ ಹಿಡಿದುಕೊಂಡು ಕೇಳುತ್ತಿದ್ದರೇ ಹೊರತು ಬಾಯಿಗಿಟ್ಟಿರಲಿಲ್ಲ. ಮಾತಿನ ನಡುವೆ ಆಪಾನ ಚಮಚ ಒಂದು ಸೇಬಿನ ಚೂರಿಗೆಂದು ಆ ಕಡೆಗೆ ಹೋಯಿತು.

"ಆಪಾ. ಗೆರೆ."

"ಗೆರೆ ಎಲ್ಲಿದೆ ಮಿಸ್?"

ಬಗ್ಗಿ ನೋಡಿದರು. ಐಸು ಕರಗಿಹೋಗಿತ್ತು. ಅಷ್ಟರಲ್ಲಿ ಆಪಾ ಆ ಚೂರನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ್ದರು. ಅದು ಗಂಟಲಿಳಿಯುವ ತನಕ ಮಿಸ್ ಆಪಾನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಚಮಚ ಅದ್ದಿದರು, ತುಂಬಿಕೊಂಡರು, ಎತ್ತಿ ಸುರಿದುಕೊಳ್ಳಲಿಲ್ಲ, ತುಟಿ ಮುಚ್ಚಿ ತಿಂದರು. ಅದೇ ಚಮಚವನ್ನು ಮತ್ತೆ ಅದ್ದಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅಲ್ಲಿಯ ತನಕ ಎಂಜಲೆಂದು ಒಣ ಚಮಚ ಹಿಡಿದು ಕೂತಿದ್ದ ನಾನೂ ಕೈ ಹಾಕಿದೆ.

"ಸಕ್ಕರೆ ಜಾಸ್ತಿ ಆಗಿದೆ," ಎಂದರು ಮಿಸ್. "ಮುಂದಿನ ಸಲ ರಿವಿಷನ್ ಮಾಡ್ಬೇಕು."

ಇದಾದ ಮೇಲೆ ಮಿಸ್ ಬದಲಾಗಿಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಮರುವಾರವೇ ಚೀಲ ಹೊರಗೆ ಬಂತು, ಲೋಟ ಹೊರಗೆ ಬಂತು. ಬೇರೆಲ್ಲರಿಗೂ ಸೌಟೇ. ಆಪಾನ ಮನೆಯ ಕಲ್ಲಂಗಡಿಗೆ ಮಾತ್ರ ಚಮಚ, ಅದೂ ಪ್ರತಿ ಸಲ ಐಸಿನ ಗೆರೆ ಹಾಕಿ, ಅದು ಕರಗುವ ತನಕ ಕಾದು. ಸೆಕೆಗೆ ಬೇಗ ಕರಗಲಿ ಎಂದು ಆಪಾ ಫ್ಯಾನು ಆರಿಸಿಬಿಡುವರು. ಬೆವರುತ್ತಾ ಕೂರುವವಳು ನಾನು. ಆದರೆ ನಾನು ಅಳತೆ ತೆಗೆಯುವಾಗ ಮಿಸ್ ಉಸಿರು ಹಿಡಿಯುವುದನ್ನು ಬಿಟ್ಟರು. ಆಗಲೇ ನನಗೆ ಗೊತ್ತಾದದ್ದು. ಎದೆ ತುಂಬ ಉಸಿರು ತುಂಬಿಕೊಂಡು ನಿಂತವರ ಅಳತೆಗೆ ಹೊಲಿದರೆ ಬ್ಲೌಸು ಸಡಿಲವಾಗದೆ ಇನ್ನೇನಾಗುತ್ತದೆ? ಇಷ್ಟು ವರ್ಷ ನನ್ನ ಕೈಗೆ ಕೆಟ್ಟ ಹೆಸರು, ತಪ್ಪು ಅವರ ಉಸಿರಿನದು. ಅದನ್ನು ಹೇಳಿದರೆ ಒಪ್ಪಿದರೇ? ಹೊಸ ಬ್ಲೌಸು ಹಾಕಿಕೊಂಡು ಕನ್ನಡಿಯಲ್ಲಿ ಅತ್ತ ಇತ್ತ ತಿರುಗಿ, ಈಗ ಕಲಿತೆ ನೋಡು ಎಂದರು. ಮೈಗೆ ಸರಿಯಾಗಿ ಕೂತ ಬ್ಲೌಸು ಅವರಿಗೆ ಅದೊಂದೇ. ಸಂಕ್ರಾಂತಿಯ ದಿನ ಅದನ್ನೇ ಹಾಕಿಕೊಂಡು ಎಳ್ಳು ಬೀರಿದರು. ಆ ವಾರವೇ ಹೃದಯ ನಿಂತಿತು. ಶ್ವಾಸಕೋಶ ಕೊನೆಯವರೆಗೂ ಚೆನ್ನಾಗಿತ್ತು ಎಂದು ಡಾಕ್ಟರು ಹೇಳಿದರು. ಅದನ್ನು ಕೇಳಲು ಅವರಿರಲಿಲ್ಲ.

ನಿನ್ನೆ ನಾನು ತಟ್ಟಿ ತಟ್ಟಿ ಒಂದು ಹಣ್ಣು ತಂದೆ. ಆಪಾ ಹಾಲು, ಶರಬತ್ತು ತಂದರು. ಇಬ್ಬರೂ ತಿರುಳು ತೋಡಿ, ಸೇಬು ಹೆಚ್ಚಿ, ಸೋಡಾ ಸುರಿದು ಆಯಿತು. ಕೊನೆಗೆ ಐಸು ಹಾಕುವಾಗ ಆಪಾ ಒಂದರ ಪಕ್ಕ ಒಂದು ತುಂಡನ್ನು ಜೋಡಿಸುತ್ತ ಹೋದರು. ಯಾರಿಗೆ ಆಪಾ ಈ ಗೆರೆ ಎಂದೆ. ಅವರು ಎದ್ದು ಫ್ಯಾನು ಆರಿಸಿದರು. ಇಷ್ಟು ದೊಡ್ಡ ಚಾದರದ ಮೇಲೆ ನಾವಿಬ್ಬರೂ ಒಂದೇ ಕಡೆ ಒತ್ತಿಕೊಂಡು ಕೂತು ತಿಂದೆವು. ಆ ಕಡೆ ಹಾಗೇ ಇತ್ತು. ಐಸು ಕರಗಿತು. ಆ ಕಡೆಯ ಸೇಬಿನ ಚೂರುಗಳು ಒಂದೊಂದಾಗಿ ನಮ್ಮ ಕಡೆಗೆ ತೇಲಿ ಬಂದವು. ಆಪಾ ಚಮಚ ಕೆಳಗಿಟ್ಟು ಕಣ್ಣಿಗೆ ದುಪಟ್ಟಾ ಒತ್ತಿಕೊಂಡರು. ಬಿಟ್ಟರೆ ಬಿಸಿಯಾಗಿ ಕೆಟ್ಟುಹೋಗುತ್ತದೆ, ಮಿಸ್ ಇದ್ದಿದ್ದರೆ ಅದಕ್ಕೂ ನನಗೇ ಬೈಯುತ್ತಿದ್ದರು ಎಂದುಕೊಂಡು ನಾನು ಆ ಕಡೆಯ ಪಾಲನ್ನೂ ತಿಂದೆ. ಸಕ್ಕರೆ ಜಾಸ್ತಿಯಾಗಿತ್ತು.